‘ಲಾಗ್‌ಆಫ್ ಮಾಡಿ ಮತ್ತೆ ಬನ್ನಿ’: ಒಂದು ವರ್ಚುವಲ್ ಡೆಸ್ಕ್‌ಟಾಪ್ ಪ್ರಕರಣ

ಸೋಮವಾರ ಬೆಳಿಗ್ಗೆ 8.40ಕ್ಕೆ ಸಹಾಯವಾಣಿಗೆ ಮೊದಲ ಕರೆ ಬಂತು. 9.15ರ ಹೊತ್ತಿಗೆ ಟಿಕೆಟ್‌ಗಳ ಸಂಖ್ಯೆ ಅರವತ್ತು ದಾಟಿತ್ತು. ಹೆಚ್ಚುಕಡಿಮೆ ಎಲ್ಲದರ ಶೀರ್ಷಿಕೆಯೂ ‘ಡೆಸ್ಕ್‌ಟಾಪ್ ನಿಧಾನ’. ಕರೆ ಮಾಡಿದವರಿಗೆಲ್ಲ ಸಿಕ್ಕ ಉತ್ತರವೂ ಒಂದೇ: ‘ಲಾಗ್‌ಆಫ್ ಮಾಡಿ ಮತ್ತೆ ಬನ್ನಿ.’ ಸಹಾಯವಾಣಿಯವರ ತಪ್ಪೇನೂ ಇರಲಿಲ್ಲ. ವರ್ಷಗಳಿಂದ ನಾವೇ, ಅಂದರೆ ಅಡ್ಮಿನ್ ತಂಡದವರೇ, ಅವರಿಗೆ ಕಲಿಸಿಕೊಟ್ಟ ಉತ್ತರ ಅದು. ಆ ದಿನ ಒಂಬತ್ತು ಜನರ ಬೆಳಗಿನ ಕೆಲಸವನ್ನು ಅಳಿಸಿಹಾಕಿದ್ದೂ ಅದೇ ಉತ್ತರ.

ಈ ಪ್ರಕರಣವನ್ನು ವಿವರವಾಗಿ ಬರೆದಿಡಲು ಕಾರಣ ಆ ಒಂಬತ್ತು ಜನ. ತಾಂತ್ರಿಕವಾಗಿ ನೋಡಿದರೆ ಅಂದು ಕಾಣಿಸಿಕೊಂಡ ಮೂರು ದೋಷಗಳಲ್ಲಿ ಯಾವುದೂ ಅಪರೂಪದ್ದಲ್ಲ. ಆದರೆ ಮೂರೂ ಒಂದೇ ಬೆಳಿಗ್ಗೆ ಬಂದವು, ಮೂರಕ್ಕೂ ಒಂದೇ ಹೆಸರು ಬಿತ್ತು, ಮೂರಕ್ಕೂ ಒಂದೇ ಮದ್ದು ಕೊಟ್ಟೆವು.

ವಾರಾಂತ್ಯದಲ್ಲಿ ನಾವು ಮಾಡಿದ್ದು

ನಾವು ಅಡ್ಮಿನ್ ಆಗಿದ್ದ ಸಂಸ್ಥೆಯ ಒಂದು ವಿಭಾಗದಲ್ಲಿ 420 ವರ್ಚುವಲ್ ಡೆಸ್ಕ್‌ಟಾಪ್‌ಗಳಿದ್ದವು, ಅಂದರೆ ಸರ್ವರ್‌ನಲ್ಲಿ ಓಡುತ್ತಾ ಬಳಕೆದಾರರಿಗೆ ಪರದೆ ಮಾತ್ರ ತೋರಿಸುವ ಕಂಪ್ಯೂಟರ್‌ಗಳು. ಎಲ್ಲವೂ ನಾನ್-ಪರ್ಸಿಸ್ಟೆಂಟ್ ಬಗೆಯವು. ಒಂದು ಗೋಲ್ಡನ್ ಇಮೇಜ್‌ನಿಂದ, ಅಂದರೆ ಮಾದರಿ ಯಂತ್ರದಿಂದ, ತದ್ರೂಪುಗಳಾಗಿ ಹುಟ್ಟುತ್ತವೆ; ಬಳಕೆದಾರ ಲಾಗ್‌ಆಫ್ ಆದೊಡನೆ ಅದರ ಮೇಲೆ ಬರೆದದ್ದೆಲ್ಲ ಅಳಿಸಿ ಹೊಸದಾಗುತ್ತವೆ. ಬಳಕೆದಾರರ ಸ್ವಂತದ್ದೆನ್ನಬಹುದಾದ ಎಲ್ಲವೂ, ಅಂದರೆ ಡೆಸ್ಕ್‌ಟಾಪ್ ಮೇಲಿನ ಫೈಲುಗಳು, ಬ್ರೌಸರ್‌ನ ಗುರುತುಗಳು, ಮೇಲ್‌ನ ಸ್ಥಳೀಯ ಪ್ರತಿ, ಎಫ್‌ಎಸ್‌ಲಾಜಿಕ್ಸ್ ಎಂಬ ಮೈಕ್ರೋಸಾಫ್ಟ್ ತಂತ್ರಾಂಶದ ಪ್ರೊಫೈಲ್ ಕಂಟೇನರ್‌ನಲ್ಲಿರುತ್ತವೆ. ಕಂಟೇನರ್ ಎಂದರೆ ಫೈಲ್ ಸರ್ವರ್‌ನಲ್ಲಿರುವ ಒಂದು ವಿಎಚ್‌ಡಿಎಕ್ಸ್ (ವರ್ಚುವಲ್ ಡಿಸ್ಕ್) ಕಡತ, ಒಬ್ಬೊಬ್ಬರಿಗೆ ಒಂದೊಂದು. ಲಾಗಿನ್ ವೇಳೆ ಅದು ಡಿಸ್ಕಿನಂತೆ ಜೋಡಣೆಯಾಗುತ್ತದೆ. ವಿಂಡೋಸ್‌ಗೂ ಬಳಕೆದಾರರಿಗೂ ಅದು ಸ್ಥಳೀಯ ಫೋಲ್ಡರ್‌ನಂತೆಯೇ ಕಾಣುತ್ತದೆ. ಜೋಡಣೆ ಆಗದಿದ್ದರೆ ಏನಾಗುತ್ತದೆ ಎಂಬುದು ಮುಂದೆ ಬರುತ್ತದೆ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುವ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುವುದಿತ್ತು. ಆ ಗಡುವಿಗೆ ಕೆಲವು ವಾರ ಮುಂಚೆ ನಾವು ವಿಂಡೋಸ್ 11ಕ್ಕೆ ಸಾಗಲು ಹೊರಟೆವು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಮತ್ತು ಯುಇಎಫ್‌ಐ ಎಂಬ ಹೊಸ ಬಗೆಯ ಬೂಟ್ ವ್ಯವಸ್ಥೆ ಬೇಕು. ನಮ್ಮ ಹಳೆಯ ಗೋಲ್ಡನ್ ಇಮೇಜ್ ಅದಕ್ಕೂ ಹಿಂದಿನ ಬಯೋಸ್ ಕಾಲದ್ದು. ಅದನ್ನೇ ತೇಪೆ ಹಾಕಿ ಮುಂದುವರಿಸುವುದಕ್ಕಿಂತ ಬುಡದಿಂದ ಹೊಸ ಇಮೇಜ್ ಕಟ್ಟಿ, ಹೊಸ ಪೂಲ್ (ಡೆಸ್ಕ್‌ಟಾಪ್‌ಗಳ ಗುಂಪು) ರಚಿಸುವುದೇ ಒಳ್ಳೆಯದೆಂದು ತೀರ್ಮಾನಿಸಿದೆವು. ಎರಡೂ ಆವೃತ್ತಿಗಳ ಪ್ರೊಫೈಲ್ ಒಂದೇ ತಲೆಮಾರಿನದ್ದಾದ್ದರಿಂದ ಕಂಟೇನರ್‌ಗಳನ್ನು ಬದಲಿಸಲಿಲ್ಲ. ಹಳೆಯ ಪೂಲ್ ಮತ್ತು ಹೊಸ ಪೂಲ್ ಎರಡೂ ಅದೇ ಕಂಟೇನರ್‌ಗಳನ್ನು ಬಳಸಬೇಕಿತ್ತು. ಈ ನಿರ್ಧಾರ ಸರಿಯೆಂದು ಇಂದಿಗೂ ನಂಬುತ್ತೇನೆ. ಆದರೆ ಅದರ ಸುತ್ತ ಹಾಕಬೇಕಿದ್ದ ಬೇಲಿಯನ್ನು ನಾವು ಹಾಕಲಿಲ್ಲ.

ಶನಿವಾರ ಪರೀಕ್ಷೆಗೆಂದು 60 ಡೆಸ್ಕ್‌ಟಾಪ್‌ಗಳನ್ನು ಸೃಷ್ಟಿಸಿದೆವು. ಒಂದು ಪ್ರಮಾಣಪತ್ರ ಬಿಟ್ಟುಹೋಗಿದ್ದು ಕಂಡು ಅವನ್ನು ಅಳಿಸಿ, ಇಮೇಜ್ ಸರಿಪಡಿಸಿ, ಮತ್ತೆ 60 ಸೃಷ್ಟಿಸಿದೆವು. ಪರೀಕ್ಷೆ ಚೆನ್ನಾಗಿ ಸಾಗಿತು, ಅವನ್ನೂ ಅಳಿಸಿದೆವು. ಭಾನುವಾರ ಪೂರ್ಣ ಪ್ರಮಾಣದ 420 ಡೆಸ್ಕ್‌ಟಾಪ್‌ಗಳು ಸಿದ್ಧವಾದವು. ರಾತ್ರಿ ಬಳಕೆದಾರರ ಗುಂಪಿನ ಹಕ್ಕನ್ನು ಹಳೆಯ ಪೂಲ್‌ನಿಂದ ತೆಗೆದು ಹೊಸ ಪೂಲ್‌ಗೆ ಕೊಟ್ಟೆವು. ಏನಾದರೂ ಎಡವಟ್ಟಾದರೆ ಹಿಂದಿರುಗಲು ಇರಲಿ ಎಂದು ಹಳೆಯ ಪೂಲನ್ನು ಅಳಿಸದೆ ಉಳಿಸಿಕೊಂಡು, ಬಳಕೆಯಲ್ಲಿಲ್ಲದ ಯಂತ್ರಗಳನ್ನು ಮಾತ್ರ ಆರಿಸಿದೆವು. ಯಾವ ಯಂತ್ರಗಳು ಬಳಕೆಯಲ್ಲಿವೆ, ಏಕೆ ಬಳಕೆಯಲ್ಲಿವೆ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಹಿಂದಿರುಗುವ ಆಸೆ

9.30ಕ್ಕೆ ಕರೆದ ತುರ್ತು ಸಭೆಯಲ್ಲಿ ಎರಡು ಅಭಿಪ್ರಾಯಗಳು ಬಂದವು. ಸ್ಟೋರೇಜ್ ಸೋಲುತ್ತಿದೆ, ನೂರಾರು ಜನ ಒಟ್ಟಿಗೆ ಲಾಗಿನ್ ಆದಾಗ ಡಿಸ್ಕ್ ತಾಳಿಕೊಳ್ಳುತ್ತಿಲ್ಲ ಎನ್ನುವುದು ಒಂದು. ಹೊಸ ಇಮೇಜ್ ಕೆಟ್ಟಿದೆ, ಈಗಲೇ ಎಲ್ಲರನ್ನೂ ಹಳೆಯ ಪೂಲ್‌ಗೆ ಕಳುಹಿಸಿಬಿಡೋಣ ಎನ್ನುವುದು ಇನ್ನೊಂದು. ಎರಡನೆಯದಕ್ಕೆ ನಾನು ಹೆಚ್ಚುಕಡಿಮೆ ಒಪ್ಪಿಬಿಟ್ಟಿದ್ದೆ. ಬದಲಾವಣೆ ಆದದ್ದು ನಿನ್ನೆ, ತೊಂದರೆ ಶುರುವಾದದ್ದು ಇಂದು. ಬೇರೆ ಸಾಕ್ಷಿ ಯಾಕೆ ಬೇಕು ಎನ್ನಿಸುವ ಗಳಿಗೆ ಅದು. ಹಾಗೆ ಮಾಡಿದ್ದರೆ ಒಂಬತ್ತರ ಬದಲು ಮೂವತ್ತೊಂದು ಜನರ ಕೆಲಸ ಹೋಗುತ್ತಿತ್ತು, ನಿಧಾನವೂ ಹಾಗೆಯೇ ಉಳಿಯುತ್ತಿತ್ತು ಎಂಬುದು ಗೊತ್ತಾದದ್ದು ಆಮೇಲೆ.

ತಡೆದದ್ದು ಎರಡು ಸಂಗತಿಗಳು. ಮೊದಲನೆಯದು ಅಂಕಿಗಳು. ವರ್ಚುವಲ್ ಯಂತ್ರಗಳನ್ನು ಓಡಿಸುವ ಹೋಸ್ಟ್ ಸರ್ವರ್‌ಗಳಲ್ಲಿ ಡಿಸ್ಕ್ ವಿಳಂಬ ಮೂರು ನಾಲ್ಕು ಮಿಲಿಸೆಕೆಂಡ್ ಮೀರಿರಲಿಲ್ಲ. ಸಿಪಿಯು ರೆಡಿ, ಅಂದರೆ ವರ್ಚುವಲ್ ಯಂತ್ರ ಕೆಲಸಕ್ಕೆ ಸಿದ್ಧವಿದ್ದೂ ಪ್ರೊಸೆಸರ್‌ಗಾಗಿ ಕಾಯುವ ಸಮಯ, ಶೇಕಡ 5ರೊಳಗೇ ಇತ್ತು. ಮೆಮೊರಿಯ ಕೊರತೆಯ ಲಕ್ಷಣವೂ ಇರಲಿಲ್ಲ. ಜನ ಪರದೆ ನೋಡುತ್ತಾ ಕುಳಿತಿದ್ದಾಗ ಹಾರ್ಡ್‌ವೇರ್ ಕೂಡ ಸುಮ್ಮನೆ ಕುಳಿತಿತ್ತು. ಕೆಲಸದ ಹೊರೆಯಿಂದ ನಿಧಾನವಾಗುವ ವ್ಯವಸ್ಥೆ ಬೇರೆ, ಯಾವುದಕ್ಕೋ ಕಾಯುತ್ತಾ ನಿಧಾನವಾಗುವ ವ್ಯವಸ್ಥೆ ಬೇರೆ. ನಮ್ಮದು ಎರಡನೆಯದು.

ಇನ್ನೊಂದು ಸಂಗತಿಯನ್ನು ತಂದವರು ತಂಡದ ಅತ್ಯಂತ ಕಿರಿಯ ಸಹೋದ್ಯೋಗಿ. ದಾಖಲೆ ಕೊಠಡಿಯಲ್ಲಿ ಒಂದು ಸಾಮಾನ್ಯ ಕಂಪ್ಯೂಟರ್ ಇತ್ತು. ವರ್ಚುವಲ್ ಅಲ್ಲ, ಮೇಜಿನ ಮೇಲಿನ ಪೆಟ್ಟಿಗೆ. ‘ಸರ್, ಅಲ್ಲಿಯೂ ಇಂದು ಲಾಗಿನ್ ಆಗಲು ಒಂದು ನಿಮಿಷ ಹೆಚ್ಚು ಹಿಡಿಯಿತಂತೆ’ ಎಂದರು. ಆ ಯಂತ್ರಕ್ಕೂ ನಮ್ಮ ಗೋಲ್ಡನ್ ಇಮೇಜ್‌ಗೂ ಯಾವ ಸಂಬಂಧವೂ ಇಲ್ಲ. ಎರಡಕ್ಕೂ ಸಮಾನವಾದದ್ದು ಬಳಕೆದಾರರ ಗ್ರೂಪ್ ಪಾಲಿಸಿ, ಅಂದರೆ ಲಾಗಿನ್ ವೇಳೆ ಕೇಂದ್ರದಿಂದ ಜಾರಿಯಾಗುವ ಸೆಟ್ಟಿಂಗ್‌ಗಳು, ಮಾತ್ರ. ಹಿಂದಿರುಗುವ ನಿರ್ಧಾರವನ್ನು ಒಂದು ಗಂಟೆ ಮುಂದೂಡಿದೆವು.

ಅರವತ್ತಮೂರು ಸೆಕೆಂಡು

ಲಾಗಿನ್ ಒಂದೇ ಘಟನೆಯಲ್ಲ, ಅದೊಂದು ಸರಪಳಿ. ಬ್ರೋಕರ್ ಒಂದು ಡೆಸ್ಕ್‌ಟಾಪ್ ಆಯ್ದುಕೊಡುತ್ತದೆ, ಡೊಮೇನ್ ಕಂಟ್ರೋಲರ್ ಗುರುತು ದೃಢಪಡಿಸುತ್ತದೆ, ಕಂಟೇನರ್ ಜೋಡಣೆಯಾಗುತ್ತದೆ, ಗ್ರೂಪ್ ಪಾಲಿಸಿ ಜಾರಿಯಾಗುತ್ತದೆ, ಕೊನೆಗೆ ಶೆಲ್ ತೆರೆದು ಡೆಸ್ಕ್‌ಟಾಪ್ ಕಾಣುತ್ತದೆ. ಕಪ್ಪು ಪರದೆ ನೋಡುತ್ತಾ ಕುಳಿತವರಿಗೆ ಇವೆಲ್ಲ ಒಂದೇ. ನಮಗೂ ಒಂದೇ ಆಗಿ ಕಂಡರೆ ಊಹೆ ಬಿಟ್ಟು ಬೇರೆ ದಾರಿ ಇರುವುದಿಲ್ಲ. ಆದ್ದರಿಂದ ಪ್ರತಿ ಕೊಂಡಿಗೆ ಎಷ್ಟು ಸೆಕೆಂಡು ಹಿಡಿಯಿತು ಎಂದು ಬಿಡಿಬಿಡಿಯಾಗಿ ಬರೆದುಕೊಳ್ಳಲು ಕುಳಿತೆವು.

ಇಲ್ಲಿ ನಾನ್-ಪರ್ಸಿಸ್ಟೆಂಟ್ ವ್ಯವಸ್ಥೆಯ ಒಂದು ಸಂಕಟ ಎದುರಾಯಿತು. ಬಳಕೆದಾರ ಲಾಗ್‌ಆಫ್ ಆದರೆ ಯಂತ್ರದ ಜೊತೆ ಅದರ ಈವೆಂಟ್ ಲಾಗ್ ಕೂಡ ಅಳಿಸಿಹೋಗುತ್ತದೆ. ಸಹಾಯವಾಣಿಯ ಮಾತು ಕೇಳಿ ಲಾಗ್‌ಆಫ್ ಆದವರೆಲ್ಲ ತಮಗರಿವಿಲ್ಲದೆ ಸಾಕ್ಷಿಯನ್ನೂ ಅಳಿಸಿದ್ದರು. ಇನ್ನೂ ಲಾಗಿನ್ ಆಗಿಯೇ ಇದ್ದವರ ಯಂತ್ರಗಳನ್ನು ಹುಡುಕಿ, ದೂರದಿಂದಲೇ ಲಾಗ್ ತೆರೆಯಬೇಕಾಯಿತು.

ಗ್ರೂಪ್ ಪಾಲಿಸಿಯ ಆಪರೇಷನಲ್ ಲಾಗ್ ಈ ಕೆಲಸಕ್ಕೆ ಅಮೂಲ್ಯ. ಲಾಗಿನ್ ವೇಳೆ ಬಳಕೆದಾರರ ಪಾಲಿಸಿಗೆ ಒಟ್ಟು ಎಷ್ಟು ಸೆಕೆಂಡು ಹಿಡಿಯಿತೆಂದು ಈವೆಂಟ್ 8001 ಹೇಳುತ್ತದೆ. ಅದರೊಳಗಿನ ಪ್ರತಿ ಭಾಗದ ಆರಂಭವನ್ನು 4016, ಮುಕ್ತಾಯವನ್ನು 5016 ದಾಖಲಿಸುತ್ತವೆ. ಹಿಡಿದ ಸಮಯ ಮಿಲಿಸೆಕೆಂಡ್‌ಗಳಲ್ಲಿ ಇರುತ್ತದೆ. ಮೊದಲು ತೆರೆದ ಯಂತ್ರದಲ್ಲಿ ಎಲ್ಲ ಭಾಗಗಳೂ ಒಂದೆರಡು ಸೆಕೆಂಡಿನಲ್ಲಿ ಮುಗಿದಿದ್ದವು, ಪ್ರಿಂಟರ್‌ಗಳ ಭಾಗವೊಂದನ್ನು ಬಿಟ್ಟು. ಅದಕ್ಕೆ ಹಿಡಿದದ್ದು 63 ಸೆಕೆಂಡು. ಎರಡನೆಯ ಯಂತ್ರದಲ್ಲೂ 63, ಮೂರನೆಯದರಲ್ಲೂ 63.

ಅಂಕಿ ಇಷ್ಟು ಕರಾರುವಾಕ್ಕಾಗಿ ಮರುಕಳಿಸಿದರೆ ಅದು ದಣಿವಿನ ಲಕ್ಷಣವಲ್ಲ, ಯಾವುದೋ ಗಡಿಯಾರದ ಲಕ್ಷಣ. ಹೊರೆ ಹೆಚ್ಚಾಗಿ ನಿಧಾನವಾಗುವ ವ್ಯವಸ್ಥೆಯಲ್ಲಿ ಸಮಯ ಒಮ್ಮೆ 40, ಒಮ್ಮೆ 90 ಎಂದು ಚೆದುರಿರುತ್ತದೆ. ಪಾಲಿಸಿ ತೆರೆದು ನೋಡಿದಾಗ ಮೂರು ಪ್ರಿಂಟರ್‌ಗಳು ಒಂದು ಹಳೆಯ ಪ್ರಿಂಟ್ ಸರ್ವರ್‌ನತ್ತ ಬೆರಳು ಮಾಡುತ್ತಿದ್ದವು. ಆ ಸರ್ವರನ್ನು ಬೇರೊಂದು ತಂಡ ಶನಿವಾರ ನಿವೃತ್ತಿಗೊಳಿಸಿತ್ತು. ಯಂತ್ರ ಹೋಗಿತ್ತು, ಆದರೆ ಅದರ ಹೆಸರು ಡಿಎನ್‌ಎಸ್‌ನಲ್ಲಿ, ಅಂದರೆ ಹೆಸರಿಗೆ ವಿಳಾಸ ಕೊಡುವ ವ್ಯವಸ್ಥೆಯಲ್ಲಿ, ಇನ್ನೂ ಬದುಕಿತ್ತು. ಹೆಸರೂ ಇಲ್ಲದಿದ್ದರೆ ವಿಂಡೋಸ್ ಬೇಗನೆ ಕೈಬಿಡುತ್ತಿತ್ತು. ಹೆಸರಿಗೆ ವಿಳಾಸ ಸಿಗುತ್ತಿತ್ತು, ವಿಳಾಸದಿಂದ ಉತ್ತರ ಬರುತ್ತಿರಲಿಲ್ಲ. ಪ್ರತಿ ಪ್ರಿಂಟರ್‌ಗೂ ಸುಮಾರು 21 ಸೆಕೆಂಡು ಕಾದು ಸೋಲೊಪ್ಪುತ್ತಿತ್ತು. ಮೂರು ಪ್ರಿಂಟರ್, ಮೂರು ಸಲ 21. ಲಾಗಿನ್ ಮುಗಿಯುವ ಮುನ್ನ ಪಾಲಿಸಿ ಪೂರ್ತಿ ಜಾರಿಯಾಗಲಿ ಎಂದು, ನೆಟ್‌ವರ್ಕ್‌ಗಾಗಿ ಯಾವಾಗಲೂ ಕಾಯಬೇಕೆಂಬ ಸೂಚನೆಯನ್ನು ನಾವು ಚಾಲನೆಯಲ್ಲಿಟ್ಟಿದ್ದೆವು. ಹೀಗಾಗಿ ಆ 63 ಸೆಕೆಂಡು ಹಿನ್ನೆಲೆಯಲ್ಲಿ ಕಳೆಯದೆ ನೇರವಾಗಿ ಬಳಕೆದಾರರ ಕಪ್ಪು ಪರದೆಯಾಯಿತು.

ಮೂರು ನಮೂದುಗಳನ್ನು ಪಾಲಿಸಿಯಿಂದ ತೆಗೆದೆವು, ಡಿಎನ್‌ಎಸ್ ದಾಖಲೆಯನ್ನೂ ಅಳಿಸಿದೆವು. ಪರೀಕ್ಷಾ ಖಾತೆಯ ಲಾಗಿನ್ 97 ಸೆಕೆಂಡಿನಿಂದ 34ಕ್ಕೆ ಇಳಿಯಿತು. ಆಗ ಗಂಟೆ 10.35. ಕೋಣೆಯಲ್ಲಿ ನೆಮ್ಮದಿಯ ಉಸಿರು. ಮುಗಿಯಿತೆಂದೇ ಎಲ್ಲರೂ ತಿಳಿದೆವು.

ವಿಳಾಸ ಸಿಗದ ನಲವತ್ತು ಯಂತ್ರಗಳು

ಆದರೂ ಕರೆಗಳು ನಿಲ್ಲಲಿಲ್ಲ. ಕೆಲವರಿಗೆ ‘ಡೆಸ್ಕ್‌ಟಾಪ್ ಲಭ್ಯವಿಲ್ಲ’ ಎಂಬ ಸಂದೇಶ ಬರುತ್ತಿತ್ತು. ಇದೂ ‘ನಿಧಾನ’ ಎಂಬ ಹೆಸರಿನಲ್ಲೇ ದಾಖಲಾಗಿತ್ತು. ಬ್ರೋಕರ್‌ನಲ್ಲಿ ನೋಡಿದರೆ 40 ಯಂತ್ರಗಳು ಏಜೆಂಟ್ ಸಂಪರ್ಕಕ್ಕೆ ಸಿಗುತ್ತಿಲ್ಲವೆಂದು ತೋರಿಸುತ್ತಿದ್ದವು. ಒಂದರ ಕನ್ಸೋಲ್ ತೆರೆದೊಡನೆ ಕಾರಣ ಕಂಡಿತು: ಅದರ ಐಪಿ ವಿಳಾಸ 169.254ರಿಂದ ಶುರುವಾಗುತ್ತಿತ್ತು. ಯಂತ್ರಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿ ಸರ್ವರ್‌ನಿಂದ ವಿಳಾಸ ಸಿಗದಾಗ ವಿಂಡೋಸ್ ತನಗೆ ತಾನೇ ಕೊಟ್ಟುಕೊಳ್ಳುವ ವಿಳಾಸ ಅದು.

ಲೆಕ್ಕ ಸರಳ. ಈ ಡೆಸ್ಕ್‌ಟಾಪ್‌ಗಳಿದ್ದ /22 ಸಬ್‌ನೆಟ್‌ನಲ್ಲಿ (ನೆಟ್‌ವರ್ಕ್‌ನ ಒಂದು ವಿಳಾಸ ವಲಯದಲ್ಲಿ) ಬಳಸಬಹುದಾದ ವಿಳಾಸಗಳು 1022. ಅವುಗಳಲ್ಲಿ 102ನ್ನು ಸ್ಥಿರ ವಿಳಾಸಗಳಿಗೆಂದು ಮೀಸಲಿಟ್ಟಿದ್ದೆವು. ಹಂಚಲು ಉಳಿದದ್ದು 920. ಹಳೆಯ ಪೂಲ್‌ನ 420, ಶನಿವಾರ ಎರಡು ಸಲ ಸೃಷ್ಟಿಸಿ ಅಳಿಸಿದ ಪರೀಕ್ಷಾ ಯಂತ್ರಗಳ 120, ಹೊಸ ಪೂಲ್‌ನ 420, ಒಟ್ಟು 960. ವಿಂಡೋಸ್ ಡಿಎಚ್‌ಸಿಪಿ ಸರ್ವರ್‌ನಲ್ಲಿ ಬದಲಿಸದಿದ್ದರೆ ಲೀಸ್, ಅಂದರೆ ಒಂದು ಯಂತ್ರಕ್ಕೆ ವಿಳಾಸ ಕೊಟ್ಟಿಡುವ ಅವಧಿ, ಎಂಟು ದಿನ. ಯಂತ್ರ ಆರಿಸಿದರೂ ಅಳಿಸಿದರೂ ಅಷ್ಟು ದಿನ ಅದರ ವಿಳಾಸ ಅದರ ಹೆಸರಿನಲ್ಲೇ ಉಳಿಯುತ್ತದೆ. ನಮ್ಮ ಮಟ್ಟಿಗೆ ಶನಿವಾರವೇ ಇಲ್ಲವಾಗಿದ್ದ 120 ಯಂತ್ರಗಳು ಡಿಎಚ್‌ಸಿಪಿಯ ಮಟ್ಟಿಗೆ ಸೋಮವಾರವೂ ಇದ್ದವು. ಅಳಿಸಿದ ಯಂತ್ರಗಳ ಲೀಸ್‌ಗಳನ್ನು ತೆರವುಗೊಳಿಸಿದೆವು, 40 ಯಂತ್ರಗಳನ್ನು ಮರುಚಾಲನೆ ಮಾಡಿದೆವು, ಸಮಸ್ಯೆ ಅಲ್ಲಿಗೆ ಮುಗಿಯಿತು. ಈ ಸ್ಕೋಪ್‌ನ (ಹಂಚಲಿರುವ ವಿಳಾಸಗಳ ಗುಂಪಿನ) ಲೀಸ್ ಈಗ ನಾಲ್ಕು ಗಂಟೆ.

ಖಾಲಿ ಡೆಸ್ಕ್‌ಟಾಪ್

ಲೀಸ್ ತೆರವಾಗುತ್ತಿದ್ದ ಸಮಯದಲ್ಲಿ, ಸುಮಾರು 10.50ಕ್ಕೆ, ‘ನಿಧಾನ’ ಎಂದು ದಾಖಲಾಗಿದ್ದ ಟಿಕೆಟ್‌ಗಳಲ್ಲಿ ಒಂದನ್ನು ಎತ್ತಿಕೊಂಡು ನಾನೇ ಫೋನ್ ಮಾಡಿದೆ. ಲಾಗಿನ್ ಸುಧಾರಿಸಿದೆಯೇ ಎಂದು ಖಚಿತಪಡಿಸಿಕೊಳ್ಳುವುದಷ್ಟೇ ಉದ್ದೇಶ. ಲೆಕ್ಕಪತ್ರ ವಿಭಾಗದ ಹಿರಿಯರೊಬ್ಬರು ಮಾತನಾಡಿದರು.

‘ಮೇಡಂ, ಈಗ ನಿಮ್ಮ ಪರದೆಯ ಮೇಲೆ ಏನು ಕಾಣುತ್ತಿದೆ ಎಂದು ಹೇಳುತ್ತೀರಾ?’

‘ನನ್ನ ಫೈಲು ಒಂದೂ ಇಲ್ಲ. ಹಿನ್ನೆಲೆಯ ಚಿತ್ರವೂ ಬೇರೆ. ಬೇರೆ ಯಾರದೋ ಕಂಪ್ಯೂಟರ್ ಮುಂದೆ ಕುಳಿತಂತಿದೆ.’

‘ಬೆಳಿಗ್ಗೆಯಿಂದ ಏನಾದರೂ ಹೊಸದಾಗಿ ಸೇವ್ ಮಾಡಿದ್ದೀರಾ?’

‘ಒಂಬತ್ತು ಗಂಟೆಯಿಂದ ತಾಳೆ ನೋಡುತ್ತಿದ್ದೇನೆ. ಡೆಸ್ಕ್‌ಟಾಪ್ ಮೇಲೆಯೇ ಇಟ್ಟಿದ್ದೇನೆ. ನಿಮ್ಮವರು ಲಾಗ್‌ಆಫ್ ಮಾಡಿ ಬನ್ನಿ ಎಂದರು. ಇದೊಂದು ಮುಗಿಯಲಿ ಎಂದು ಕಾಯುತ್ತಿದ್ದೇನೆ.’

‘ದಯವಿಟ್ಟು ಲಾಗ್‌ಆಫ್ ಮಾಡಬೇಡಿ, ಮೇಡಂ’ ಎಂದೆ. ಬಹುಶಃ ದನಿ ಸ್ವಲ್ಪ ಜೋರಾಗಿಯೇ ಬಂದಿರಬೇಕು. ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಅವರ ಕಂಟೇನರ್ ಜೋಡಣೆಯಾಗಿರಲಿಲ್ಲ. ಎಫ್‌ಎಸ್‌ಲಾಜಿಕ್ಸ್ ಲಾಗ್‌ನಲ್ಲಿ ವಿಂಡೋಸ್‌ನ ದೋಷ ಸಂಖ್ಯೆ 32 ಇತ್ತು: ಈ ಕಡತವನ್ನು ಬೇರೊಂದು ಪ್ರಕ್ರಿಯೆ ಬಳಸುತ್ತಿದೆ. ಬೀಗ ಬಿದ್ದ ಕಂಟೇನರ್ ಎದುರಾದರೆ ಎಫ್‌ಎಸ್‌ಲಾಜಿಕ್ಸ್, ನಾವು ಬೇರೆ ಹೇಳದಿದ್ದಲ್ಲಿ, ಐದು ಸೆಕೆಂಡಿಗೊಮ್ಮೆಯಂತೆ ಹನ್ನೆರಡು ಸಲ ಪ್ರಯತ್ನಿಸುತ್ತದೆ. ಅಂದರೆ ಒಂದು ನಿಮಿಷ. ಆಮೇಲೆ ಕೈಬಿಟ್ಟು, ಆ ಯಂತ್ರದ ಡಿಸ್ಕಿನ ಮೇಲೆ ಹೊಸದೊಂದು ಸ್ಥಳೀಯ ಪ್ರೊಫೈಲ್ ಮಾಡಿ ಬಳಕೆದಾರರನ್ನು ಒಳಗೆ ಬಿಡುತ್ತದೆ. ಒಂದು ನಿಮಿಷ ಕಂಟೇನರ್‌ಗೆ, 63 ಸೆಕೆಂಡು ಪ್ರಿಂಟರ್‌ಗೆ, ಜೊತೆಗೆ ಹೊಸ ಪ್ರೊಫೈಲ್ ರಚನೆಗೆ ಹಿಡಿಯುವ ಸಮಯ. ಇವರಿಗೆ ಲಾಗಿನ್ ಮೂರು ನಿಮಿಷದ ಆಸುಪಾಸಿಗೆ ಹೋಗಿತ್ತು. ಆದ್ದರಿಂದ ಅವರು ಮೊದಲು ದೂರಿದ್ದು ನಿಧಾನದ ಬಗ್ಗೆಯೇ. ಖಾಲಿ ಡೆಸ್ಕ್‌ಟಾಪ್ ಬಗ್ಗೆಯೂ ಹೇಳಿದ್ದರಂತೆ. ಟಿಕೆಟ್‌ನಲ್ಲಿ ಬರೆದುಕೊಂಡದ್ದು ಮೊದಲ ವಾಕ್ಯವನ್ನು ಮಾತ್ರ.

ಆ ಸ್ಥಳೀಯ ಪ್ರೊಫೈಲ್ ಇರುವುದು ಲಾಗ್‌ಆಫ್ ಆದೊಡನೆ ಅಳಿಸಿಹೋಗುವ ಯಂತ್ರದ ಮೇಲೆ. ನೋಡಲು ಅದೇ ಡೆಸ್ಕ್‌ಟಾಪ್, ಅದೇ ಡಾಕ್ಯುಮೆಂಟ್ಸ್ ಫೋಲ್ಡರ್. ಸೇವ್ ಒತ್ತಿದರೆ ಸೇವ್ ಆಗುತ್ತದೆ, ಯಾವ ಎಚ್ಚರಿಕೆಯೂ ಬರುವುದಿಲ್ಲ. ಅಲ್ಲಿಟ್ಟ ಕೆಲಸದ ಆಯಸ್ಸು ಲಾಗ್‌ಆಫ್‌ವರೆಗೆ ಮಾತ್ರ.

ಬೀಗ ಯಾರ ಕೈಯಲ್ಲಿತ್ತು? ಫೈಲ್ ಸರ್ವರ್‌ನಲ್ಲಿ ಗೆಟ್-ಎಸ್‌ಎಂಬಿಓಪನ್‌ಫೈಲ್ ಆಜ್ಞೆ ತೆರೆದಿರುವ ಕಡತ, ತೆರೆದ ಬಳಕೆದಾರ, ತೆರೆದ ಯಂತ್ರ ಮೂರನ್ನೂ ತೋರಿಸುತ್ತದೆ. ಯಂತ್ರಗಳ ವಿಳಾಸ ಹಿಡಿದು ಹೋದರೆ ಎಲ್ಲವೂ ಹಳೆಯ ಪೂಲ್‌ನವು. ಶುಕ್ರವಾರ ಸಂಜೆ 37 ಜನ ಲಾಗ್‌ಆಫ್ ಆಗದೆ ಥಿನ್ ಕ್ಲೈಂಟ್‌ನ (ವರ್ಚುವಲ್ ಡೆಸ್ಕ್‌ಟಾಪ್‌ಗೆ ಸಂಪರ್ಕಿಸುವ ಪುಟ್ಟ ಪೆಟ್ಟಿಗೆಯ) ಗುಂಡಿ ಒತ್ತಿ ಮನೆಗೆ ಹೋಗಿದ್ದರು. ಅವರ ಸೆಷನ್‌ಗಳು ಡಿಸ್‌ಕನೆಕ್ಟ್ ಆಗಿ, ಕಂಟೇನರ್‌ಗಳನ್ನು ಹಿಡಿದುಕೊಂಡೇ ವಾರಾಂತ್ಯ ಪೂರ್ತಿ ಬದುಕಿದ್ದವು. ಮಾಮೂಲಿ ಸೋಮವಾರವಾಗಿದ್ದರೆ ಬ್ರೋಕರ್ ಅವರನ್ನು ಅದೇ ಸೆಷನ್‌ಗೆ ಮರಳಿ ಸೇರಿಸುತ್ತಿತ್ತು. ನಾವು ಹಳೆಯ ಪೂಲ್‌ನ ಹಕ್ಕನ್ನು ತೆಗೆದಿದ್ದೆವು. ಹಳೆಯ ಮನೆಯ ದಾರಿ ಮುಚ್ಚಿತ್ತು, ಆದರೆ ಅವರ ಗಂಟುಮೂಟೆ ಅಲ್ಲೇ ಒಳಗಿತ್ತು.

37ರಲ್ಲಿ 31 ಜನ ಅಂದು ಕೆಲಸಕ್ಕೆ ಬಂದಿದ್ದರು. ಒಂಬತ್ತು ಜನ ಆಗಲೇ ಲಾಗ್‌ಆಫ್ ಆಗಿದ್ದರು. 22 ಜನ ಇನ್ನೂ ಒಳಗಿದ್ದರು.

ಇಲ್ಲಿ ನಾನು ಮಾಡಿದ ಒಂದು ತಪ್ಪನ್ನು ಬರೆಯಲೇಬೇಕು. ಅವಸರದಲ್ಲಿ ಒಬ್ಬರ ಕಂಟೇನರ್‌ನ ಹಿಡಿತವನ್ನು ಕ್ಲೋಸ್-ಎಸ್‌ಎಂಬಿಓಪನ್‌ಫೈಲ್ ಆಜ್ಞೆಯಿಂದ ಬಲವಂತವಾಗಿ ಬಿಡಿಸಿದೆ. ಹಳೆಯ ಸೆಷನ್ ಇನ್ನೂ ಜೀವಂತವಾಗಿತ್ತು, ತನ್ನ ಡಿಸ್ಕಿಗೆ ಬರೆಯುತ್ತಲೂ ಇತ್ತು. ಕಂಟೇನರ್‌ನ ಒಳಗಿನ ಫೈಲ್ ವ್ಯವಸ್ಥೆ ಹಾಳಾಯಿತು. ಚೆಕ್‌ಡಿಸ್ಕ್ ನಡೆಸಿ ಬಹುಪಾಲು ಉಳಿಸಿಕೊಂಡರೂ ಮೇಲ್‌ನ ಸ್ಥಳೀಯ ಪ್ರತಿಯನ್ನು ಪೂರ್ತಿ ಮರುನಿರ್ಮಿಸಬೇಕಾಯಿತು. ಓಡುತ್ತಿರುವ ಕಂಪ್ಯೂಟರ್‌ನಿಂದ ಹಾರ್ಡ್ ಡಿಸ್ಕ್ ಕಿತ್ತುಕೊಳ್ಳುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಕಂಟೇನರ್ ಬಿಡಿಸುವ ಸರಿಯಾದ ಮಾರ್ಗ ಅದನ್ನು ಹಿಡಿದಿರುವ ಸೆಷನ್‌ನಿಂದಲೇ ಲಾಗ್‌ಆಫ್ ಆಗುವುದು.

ಅದನ್ನಾದರೂ ನಾವೇ ಕನ್ಸೋಲ್‌ನಿಂದ ಮಾಡಿಬಿಡಬಹುದಿತ್ತು. ಆದರೆ ಹಳೆಯ ಸೆಷನ್‌ಗಳಲ್ಲಿ ಶುಕ್ರವಾರ ತೆರೆದಿಟ್ಟ, ಸೇವ್ ಮಾಡದ ಕೆಲಸವೂ ಇರಬಹುದೆಂದು ಒಬ್ಬ ಸಹೋದ್ಯೋಗಿ ನೆನಪಿಸಿದರು. ಆ ಮಾತಿಗೆ ನಾನು ಋಣಿ. ಕೊನೆಗೆ ಉಳಿದವರಿಗೆ ಒಬ್ಬೊಬ್ಬರಿಗಾಗಿ ಫೋನ್ ಮಾಡಿ ನಾಲ್ಕು ಹೆಜ್ಜೆ ನಡೆಸಿದೆವು. ಬೆಳಿಗ್ಗೆ ಮಾಡಿದ ಕೆಲಸವನ್ನು ಮೊದಲು ವಿಭಾಗದ ಹಂಚಿಕೆ ಫೋಲ್ಡರ್‌ಗೆ ನಕಲಿಸುವುದು. ಆಮೇಲೆ ಹೊಸ ಡೆಸ್ಕ್‌ಟಾಪ್‌ನಿಂದ ಲಾಗ್‌ಆಫ್. ನಾವು ತಾತ್ಕಾಲಿಕವಾಗಿ ಹಕ್ಕು ಮರಳಿಸಿದ ಹಳೆಯ ಪೂಲ್‌ಗೆ ಹೋಗಿ, ಶುಕ್ರವಾರದ ಕೆಲಸ ಸೇವ್ ಮಾಡಿ, ಅಲ್ಲಿಂದಲೂ ಲಾಗ್‌ಆಫ್. ಕಡೆಗೆ ಹೊಸ ಪೂಲ್‌ಗೆ ಲಾಗಿನ್. ಒಬ್ಬರಿಗೆ ಹತ್ತು ನಿಮಿಷ ಹಿಡಿಯಿತು. ನಾಲ್ವರು ಹಂಚಿಕೊಂಡು ಮಾಡಿದ್ದರಿಂದ ಮಧ್ಯಾಹ್ನ ಒಂದು ಗಂಟೆಯೊಳಗೆ ಮುಗಿಯಿತು. ಸ್ಕ್ರಿಪ್ಟ್ ಬರೆದು ಒಂದೇ ಏಟಿಗೆ ಎಲ್ಲರನ್ನೂ ಲಾಗ್‌ಆಫ್ ಮಾಡಿದ್ದರೆ ಐದು ನಿಮಿಷದ ಕೆಲಸ. ಆದರೆ 22ರಲ್ಲಿ ಎಂಟು ಜನರ ಹಳೆಯ ಸೆಷನ್‌ನಲ್ಲಿ ಸೇವ್ ಆಗದ ದಾಖಲೆಗಳಿದ್ದವು.

ಲಾಗ್‌ಆಫ್ ಆಗಿದ್ದ ಒಂಬತ್ತು ಜನರ ಸ್ಥಳೀಯ ಪ್ರೊಫೈಲ್‌ಗಳು ಯಂತ್ರಗಳ ಜೊತೆಗೇ ಹೋಗಿದ್ದವು. ಕೆಲವರು ಅಂದು ಕೇಂದ್ರ ತಂತ್ರಾಂಶದಲ್ಲಷ್ಟೇ ಕೆಲಸ ಮಾಡಿದ್ದರಿಂದ ಅವರಿಗೆ ಹೆಚ್ಚು ನಷ್ಟವಾಗಲಿಲ್ಲ. ಇಬ್ಬರು ಕಡತವನ್ನು ಮೇಲ್‌ನಲ್ಲಿ ಕಳುಹಿಸಿದ್ದರಿಂದ ಪ್ರತಿ ಸಿಕ್ಕಿತು. ಮೂವರು ಬೆಳಗಿನ ಕೆಲಸವನ್ನು ಮತ್ತೆ ಮೊದಲಿನಿಂದ ಮಾಡಿದರು. ಸಂಜೆ ಅವರ ಬಳಿ ಹೋಗಿ ಏನಾಯಿತು, ಏಕಾಯಿತು ಎಂದು ಹೇಳಿದೆ. ತಪ್ಪು ನಿಮ್ಮದಲ್ಲ, ನಮ್ಮದು ಎಂಬುದನ್ನೂ ಹೇಳಿದೆ. ಅದರಲ್ಲಿ ಒಬ್ಬರು, ತಾವೇ ಎಲ್ಲೋ ತಪ್ಪು ಕಡೆ ಸೇವ್ ಮಾಡಿರಬೇಕೆಂದು ಮಧ್ಯಾಹ್ನವೆಲ್ಲ ಫೋಲ್ಡರ್‌ಗಳನ್ನು ಹುಡುಕುತ್ತಾ ಕುಳಿತಿದ್ದರು.

ಬದಲಾದದ್ದು

ಮೊದಲು ಬದಲಾದದ್ದು ಎಫ್‌ಎಸ್‌ಲಾಜಿಕ್ಸ್‌ನ ಎರಡು ರಿಜಿಸ್ಟ್ರಿ ಮೌಲ್ಯಗಳು: ಪ್ರಿವೆಂಟ್‌ಲಾಗಿನ್‌ವಿತ್‌ಫೈಲ್ಯೂರ್ ಮತ್ತು ಪ್ರಿವೆಂಟ್‌ಲಾಗಿನ್‌ವಿತ್‌ಟೆಂಪ್‌ಪ್ರೊಫೈಲ್. ಎರಡನ್ನೂ 1 ಮಾಡಿದೆವು. ಈಗ ಕಂಟೇನರ್ ಜೋಡಣೆಯಾಗದಿದ್ದರೆ ಬಳಕೆದಾರರಿಗೆ ಖಾಲಿ ಡೆಸ್ಕ್‌ಟಾಪ್ ಸಿಗುವುದಿಲ್ಲ. ಸಹಾಯವಾಣಿಯನ್ನು ಸಂಪರ್ಕಿಸಿ ಎಂಬ ಸಂದೇಶ ಮತ್ತು ಹೊರಹೋಗುವ ಗುಂಡಿ ಮಾತ್ರ ಕಾಣುತ್ತವೆ. ಇದಕ್ಕೆ ಮೇಲಧಿಕಾರಿಗಳಿಂದ ವಿರೋಧ ಬಂತು: ಪೂರ್ತಿ ಬಾಗಿಲು ಹಾಕುವುದಕ್ಕಿಂತ ಖಾಲಿ ಡೆಸ್ಕ್‌ಟಾಪ್‌ನಲ್ಲಾದರೂ ಕೆಲಸ ಸಾಗಲಿ ಎಂದರು. ನಾನು ಒಪ್ಪಲಿಲ್ಲ. ಬಾಗಿಲು ಹಾಕಿದ್ದರೆ ಜನ ಬಂದು ಕೇಳುತ್ತಾರೆ, ನಾವು ಸರಿಪಡಿಸುತ್ತೇವೆ. ತಳವಿಲ್ಲದ ಪಾತ್ರೆಗೆ ಎರಡು ಗಂಟೆ ನೀರು ತುಂಬಿಸುವುದು ಕೆಲಸ ಸಾಗಿದಂತಲ್ಲ.

ಒಂದೇ ಕಂಟೇನರನ್ನು ಎರಡು ಸೆಷನ್‌ಗಳು ತೆರೆಯುವಂತೆ ಪ್ರೊಫೈಲ್‌ಟೈಪ್ ಅನ್ನು 3ಕ್ಕೆ ಬದಲಿಸಬಹುದೆಂಬ ಸಲಹೆಯೂ ಬಂದಿತ್ತು. ಆ ಕ್ರಮದಲ್ಲಿ ಬರೆಯುವ ಅವಕಾಶ ಸಿಗದ ಸೆಷನ್‌ಗೆ ಕಂಟೇನರ್ ಓದಲು ಮಾತ್ರ ತೆರೆಯುತ್ತದೆ, ಅಲ್ಲಿ ಮಾಡಿದ ಬದಲಾವಣೆಗಳು ಲಾಗ್‌ಆಫ್ ವೇಳೆ ಹೋಗುತ್ತವೆ. ಹಳೆಯ ಫೈಲುಗಳು ಕಾಣುವುದರಿಂದ ಬಳಕೆದಾರರಿಗೆ ಅನುಮಾನವೂ ಬರುವುದಿಲ್ಲ. ನಾವು ಪಟ್ಟ ಪಾಡಿಗಿಂತ ಅದು ಕೆಟ್ಟದ್ದು. ಬಿಟ್ಟುಬಿಟ್ಟೆವು.

ಈವೆಂಟ್ ಲಾಗ್‌ಗಳನ್ನು ಈಗ ಕೇಂದ್ರ ಸರ್ವರ್‌ಗೆ ರವಾನಿಸುತ್ತೇವೆ. ಯಂತ್ರ ಅಳಿದರೂ ಸಾಕ್ಷಿ ಉಳಿಯುತ್ತದೆ. ಬೆಳಿಗ್ಗೆ ಏಳು ಗಂಟೆಗೆ ಒಂದು ಪರೀಕ್ಷಾ ಖಾತೆ ತಾನಾಗಿ ಲಾಗಿನ್ ಆಗಿ, ಪ್ರತಿ ಕೊಂಡಿಯ ಸಮಯವನ್ನು ದಾಖಲಿಸುತ್ತದೆ. ಆ ಸೋಮವಾರ ಇದೊಂದು ಇದ್ದಿದ್ದರೆ 63 ಸೆಕೆಂಡು ಏಳು ಗಂಟೆಗೇ ಕಾಣುತ್ತಿತ್ತು. ಡಿಎಚ್‌ಸಿಪಿ ಸ್ಕೋಪ್ ಶೇಕಡ 80 ತುಂಬಿದರೆ ಎಚ್ಚರಿಕೆ ಬರುತ್ತದೆ. ಪ್ರಿಂಟ್ ಸರ್ವರ್ ತಂಡವೂ ನಮ್ಮ ಬದಲಾವಣೆಗಳ ದಾಖಲೆ ಪುಸ್ತಕದಲ್ಲೇ ಬರೆಯುತ್ತದೆ. ಇದನ್ನು ಒಪ್ಪಿಸಲು ಉಳಿದ ಎಲ್ಲಕ್ಕಿಂತ ಹೆಚ್ಚು ಸಮಯ ಹಿಡಿಯಿತು.

ಡಿಸ್‌ಕನೆಕ್ಟ್ ಆದ ಸೆಷನ್ ಎಷ್ಟು ಹೊತ್ತು ಬದುಕಬೇಕು ಎಂಬ ಪ್ರಶ್ನೆ ಮಾತ್ರ ಕಷ್ಟದ್ದು. ಎರಡೇ ಗಂಟೆ ಎಂದರೆ ಅಡ್ಮಿನ್‌ಗೆ ಸುಖ. ಮಧ್ಯಾಹ್ನದ ಸಭೆಗೆ ಹೋಗಿಬಂದವರ ತೆರೆದ ಕೆಲಸ ಹೋಗುತ್ತದೆ. ಮಿತಿಯೇ ಬೇಡವೆಂದರೆ ಶುಕ್ರವಾರದ ಕಥೆ ಮರುಕಳಿಸುತ್ತದೆ. ಸದ್ಯ 14 ಗಂಟೆ ಇಟ್ಟಿದ್ದೇವೆ: ಸಂಜೆ ಬಿಟ್ಟುಹೋದವರಿಗೆ ಮರುದಿನ ಬೆಳಿಗ್ಗೆ ಅದೇ ಸೆಷನ್ ಸಿಗುತ್ತದೆ, ಶುಕ್ರವಾರ ಬಿಟ್ಟದ್ದು ಶನಿವಾರ ಮುಚ್ಚುತ್ತದೆ. ಶುಕ್ರವಾರ ಮಧ್ಯಾಹ್ನ ಎಲ್ಲರ ಪರದೆಯ ಮೇಲೂ ಒಂದು ನೆನಪೋಲೆ ಬರುತ್ತದೆ.

ಸಹಾಯವಾಣಿಯ ಮೇಜಿನ ಮೇಲೆ ಈಗ ಒಂದು ಹಾಳೆಯಿದೆ. ಅದರ ಮೊದಲ ಪ್ರಶ್ನೆ: ‘ನಿಮ್ಮ ಫೈಲುಗಳು ಕಾಣುತ್ತಿವೆಯೇ?’ ಇಲ್ಲ ಎಂದರೆ, ಲಾಗ್‌ಆಫ್ ಮಾಡಬೇಡಿ ಎಂದು ಹೇಳಿ ಕರೆಯನ್ನು ನೇರವಾಗಿ ನಮಗೆ ವರ್ಗಾಯಿಸಬೇಕು.

ಮೂರು ವಾರಗಳ ನಂತರ ಇನ್ನೊಂದು ವಿಭಾಗದ 260 ಡೆಸ್ಕ್‌ಟಾಪ್‌ಗಳ ಸರದಿ. ಈ ಬಾರಿ ಹಕ್ಕು ಬದಲಿಸುವ ಮೊದಲು ಹಳೆಯ ಪೂಲ್‌ನ ಸೆಷನ್‌ಗಳ ಪಟ್ಟಿ ತೆಗೆದೆವು. ಶುಕ್ರವಾರ ರಾತ್ರಿ ಎಂಟಕ್ಕೆ ಎರಡು ಉಳಿದಿದ್ದವು. ಇಬ್ಬರಿಗೂ ಫೋನ್ ಮಾಡಿದೆವು. ಒಬ್ಬರು ಮನೆಯಿಂದಲೇ ಸಂಪರ್ಕಿಸಿ ಲಾಗ್‌ಆಫ್ ಆದರು. ಇನ್ನೊಬ್ಬರು ರಜೆಯಲ್ಲಿದ್ದರು, ಫೋನ್ ಎತ್ತಲಿಲ್ಲ. ಅವರ ಸೆಷನ್‌ಗೆ 14 ಗಂಟೆಯ ಮಿತಿ ತಗುಲದಂತೆ ವಿನಾಯಿತಿ ಕೊಟ್ಟು, ಅವರೊಬ್ಬರ ಹಕ್ಕನ್ನು ಹಳೆಯ ಪೂಲ್‌ನಲ್ಲೇ ಬಿಟ್ಟು, ಆ ಒಂದು ಯಂತ್ರವನ್ನು ಚಾಲನೆಯಲ್ಲಿಟ್ಟೆವು. ಗುರುವಾರ ಅವರು ಬಂದು, ತೆರೆದಿಟ್ಟಿದ್ದ ಎರಡು ದಾಖಲೆಗಳನ್ನು ಸೇವ್ ಮಾಡಿ ಲಾಗ್‌ಆಫ್ ಆದರು. ಅಂದು ಸಂಜೆ ಹಳೆಯ ಪೂಲನ್ನು ಅಳಿಸಿದೆವು.